ಪದರ ಪದರವಾಗಿ ಶಾಜಿಯಾ ಸಿಕಂದರ್

ಪರದೆಯ ಮೇಲೆ ಕಾಣುತ್ತಿರುವ ಈ ಚಿತ್ರದ ಗಾತ್ರವನ್ನು ಮೊದಲು ಮನಸ್ಸಿನಲ್ಲಿ ಸರಿಮಾಡಿಕೊಳ್ಳೋಣ. ಗೋಡೆ ತುಂಬ ಹಿಗ್ಗಿ ಕೂತಿರುವ ಇದರ ನಿಜವಾದ ಎತ್ತರ 34 ಸೆಂ.ಮೀ. ಅಂದರೆ ಶಾಲೆಯ ಮಕ್ಕಳ ಅಡಿಪಟ್ಟಿಗಿಂತ ಎರಡು ಬೆರಳಗಲ ಹೆಚ್ಚು, ಅಷ್ಟೇ. ಉದ್ದ ಮಾತ್ರ 162 ಸೆಂ.ಮೀ., ಐದೂಕಾಲು ಅಡಿಗೆ ತುಸು ಮೇಲೆ. ಹೆಸರು ‘ದಿ ಸ್ಕ್ರೋಲ್’, ಸುರುಳಿ. 1989–90ರಲ್ಲಿ ಲಾಹೋರಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಓದುತ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಬರೆದದ್ದು. ಬಳಸಿದ ಸಾಮಗ್ರಿಯ ಪಟ್ಟಿಯಲ್ಲಿ ಗಿಡಮೂಲದ ಬಣ್ಣ, ಒಣ ವರ್ಣದ ಪುಡಿ, ಜಲವರ್ಣದ ಜೊತೆಗೆ ಇನ್ನೊಂದು ಹೆಸರಿದೆ: ಚಹಾ. ಇವೆಲ್ಲವೂ ಕೂತಿರುವುದು ‘ವಸ್ಲಿ’ ಎನ್ನುವ ಕೈತಯಾರಿಕೆಯ ಕಾಗದದ ಮೇಲೆ.

ಆ ಹುಡುಗಿಯೇ ಶಾಜಿಯಾ ಸಿಕಂದರ್. ಹುಟ್ಟಿದ್ದು 1969ರಲ್ಲಿ, ಲಾಹೋರಿನಲ್ಲಿ. 1993ರಲ್ಲಿ ಅಮೆರಿಕಕ್ಕೆ ಹೋದರು, 1995ರಲ್ಲಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಿಂದ ಸ್ನಾತಕೋತ್ತರ ಪದವಿ ಪಡೆದರು. ಎರಡು ವರ್ಷ ಹ್ಯೂಸ್ಟನ್‌ನಲ್ಲಿದ್ದು, ಆಮೇಲೆ ನ್ಯೂಯಾರ್ಕಿನಲ್ಲಿ ನೆಲೆಸಿದರು. 2006ರಲ್ಲಿ ಅಮೆರಿಕದ ಹೆಸರಾಂತ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಅವರ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಪೂರ್ವ ಪಶ್ಚಿಮಗಳ ಸಂಗಮ. ಬುರ್ಖಾ ಕಂಡರೆ ಪೂರ್ವ, ಯುರೋಪಿನ ಸೌಂದರ್ಯದೇವತೆ ವೀನಸ್ ಕಂಡರೆ ಪಶ್ಚಿಮ ಎಂದು ಲೆಕ್ಕ ಹಾಕಿ ಎರಡನ್ನೂ ಕೂಡಿಸಿಬಿಡುತ್ತಾರೆ. ಹಾಗೆ ನೋಡಿದರೆ ಅವರ ಚಿತ್ರಗಳು ಕೈಗೆ ಸಿಗುವುದಿಲ್ಲ. ಎರಡು ನೆಲದ ಬದುಕು ಅವರ ಚಿತ್ರದಲ್ಲಿ ಯಾವ ವಸ್ತು ಬಂದಿದೆ ಎನ್ನುವುದರಲ್ಲಿ ಇಲ್ಲ, ಯಾವುದರ ಮೇಲೆ ಯಾವುದನ್ನು ಹಚ್ಚಿದ್ದಾರೆ, ಕೆಳಗಿನದನ್ನು ಎಷ್ಟು ಕಾಣಲು ಬಿಟ್ಟಿದ್ದಾರೆ ಎನ್ನುವುದರಲ್ಲಿದೆ. ಪದರದಲ್ಲಿದೆ. ಅದಕ್ಕೇ ಇವತ್ತು ಕಾಗದದಿಂದ ಶುರುಮಾಡುತ್ತಿದ್ದೇನೆ. ಸ್ವಲ್ಪ ಅಡುಗೆಮನೆಯ ಕೆಲಸದಂತೆ ಕೇಳಿಸಬಹುದು, ಕೇಳಿಸಲಿ.

ವಸ್ಲಿ ಎಂದರೆ ಒಂದೇ ಹಾಳೆ ಅಲ್ಲ. ಮೂರೋ ನಾಲ್ಕೋ ಹಾಳೆಗಳನ್ನು ಗೋಧಿಹಿಟ್ಟಿನ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ಉಜ್ಜಿ ಮಾಡಿದ ತೆಳು ರಟ್ಟು. ಅಂಟಿಗೆ ‘ಲೇಯಿ’ ಅನ್ನುತ್ತಾರೆ. 50 ಗ್ರಾಂ ಮೈದಾಕ್ಕೆ ಅರ್ಧ ಲೀಟರ್ ನೀರು ಇಟ್ಟುಕೊಳ್ಳಿ. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಹದಿನೈದಿಪ್ಪತ್ತು ನಿಮಿಷಕ್ಕೆ ಹಿಟ್ಟಿನ ಬಿಳುಪು ಹೋಗಿ ಗಂಜಿಯ ಹಾಗೆ ಪಾರಕವಾಗುತ್ತದೆ. ಆಗ ಇಳಿಸಿ, ಒಂದು ಚಿಟಿಕೆ ಮೈಲುತುತ್ತವನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವವರಿಗೆ ಮೈಲುತುತ್ತದ ಪರಿಚಯ ಚೆನ್ನಾಗಿದೆ. ಅಲ್ಲಿ ಕೊಳೆರೋಗಕ್ಕೆ, ಇಲ್ಲಿ ಹುಳಕ್ಕೆ ಮತ್ತು ಬೂಷ್ಟಿಗೆ. ವಿಷ ಅದು. ಅಡುಗೆಗೆ ಬಳಸುವ ಪಾತ್ರೆಯಲ್ಲಿ ಮಾಡಬೇಡಿ.

ಹಾಳೆಗೆ ಅಂಟು ಬಳಿಯುವಾಗ ಮಧ್ಯದಿಂದ ಅಂಚಿನ ಕಡೆಗೆ ಬಳಿಯಬೇಕು. ಇನ್ನೊಂದು ಹಾಳೆ ಇಟ್ಟು ಅಂಗೈಯಿಂದ ಗಾಳಿಯನ್ನು ಹೊರಗೆ ಒತ್ತಬೇಕು. ಎಲ್ಲ ಹಾಳೆಗಳ ನಾರಿನ ದಿಕ್ಕು ಒಂದೇ ಆಗಿರಬೇಕು, ಇಲ್ಲದಿದ್ದರೆ ಒಣಗುವಾಗ ಒಂದೊಂದು ಒಂದೊಂದು ಕಡೆಗೆ ಎಳೆದು ವಸ್ಲಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅಂಟು ದಪ್ಪವಾದರೆ ಒಳಗೆ ಗುಳ್ಳೆ ನಿಲ್ಲುತ್ತದೆ. ಅದು ಅಂದೇ ಕಾಣುವುದಿಲ್ಲ, ಮೂರು ತಿಂಗಳ ಕೆಲಸ ಮುಗಿಯುವ ಹೊತ್ತಿಗೆ ಬಣ್ಣದ ಕೆಳಗಿನಿಂದ ಎದ್ದು ಬರುತ್ತದೆ. ಅಂಟು ತೀರಾ ನೀರಾದರೆ ಪದರಗಳು ಅಂಚಿನಲ್ಲಿ ಬಾಯಿಬಿಡುತ್ತವೆ. ಭಾರದ ಕೆಳಗೆ, ಹೀರುಕಾಗದದ ನಡುವೆ, ಪೂರ್ತಿ ಒಣಗುವ ತನಕ ಇಡಬೇಕು. ನಮ್ಮ ಮಳೆಗಾಲದಲ್ಲಿ ಮೂರು ದಿನವೂ ಆದೀತು. ಆಮೇಲೆ ನುಣುಪಾದ ಕಲ್ಲುಹಲಗೆಯ ಮೇಲೆ ಬೋರಲು ಹಾಕಿ, ಹಿಂಬದಿಯಿಂದ, ಕವಡೆಯಿಂದಲೋ ಅಗೇಟ್ ಕಲ್ಲಿನಿಂದಲೋ ಉದ್ದಕ್ಕೂ ಅಡ್ಡಕ್ಕೂ ಉಜ್ಜಬೇಕು. ಹಸಿ ಇರುವಾಗ ಉಜ್ಜಿದರೆ ಕಾಗದ ಸಿಬಿರೇಳುತ್ತದೆ, ಆ ಹಾಳೆ ಮತ್ತೆ ಬಳಕೆಗೆ ಬರುವುದಿಲ್ಲ. ಸರಿಯಾಗಿ ಉಜ್ಜಿದ ವಸ್ಲಿಯನ್ನು ಬೆಳಕಿಗೆ ಓರೆ ಹಿಡಿದರೆ ಮೊಟ್ಟೆಯ ಚಿಪ್ಪಿನ ಹೊಳಪು ಇರುತ್ತದೆ. ಕುಂಚ ಎಲ್ಲೂ ತಡೆಯದೆ ಓಡುತ್ತದೆ.

ಇನ್ನು ಚಹಾ. ಹೊಸ ವಸ್ಲಿಯ ಬಿಳುಪು ಕಣ್ಣಿಗೆ ಚುಚ್ಚುತ್ತದೆ. ಅದನ್ನು ತಗ್ಗಿಸಲು ಡಿಕಾಕ್ಷನ್ ಬಳಿಯುತ್ತಾರೆ. ಒಂದು ಲೋಟ ನೀರಿಗೆ ಎರಡು ಚಮಚ ಪುಡಿ, ಐದು ನಿಮಿಷ ಕುದಿ, ಬಟ್ಟೆಯಲ್ಲಿ ಎರಡು ಸಲ ಸೋಸು. ಕಬ್ಬಿಣದ ಪಾತ್ರೆ ಬೇಡ, ಚಹಾದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಮಸಿಯಾಗುತ್ತದೆ. ಅಗಲ ಕುಂಚದಲ್ಲಿ ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿಯಬೇಕು. ಒಂದೇ ಸಲಕ್ಕೆ ಗಾಢ ಮಾಡಲು ಹೋದರೆ ಕೊಚ್ಚೆ ನಿಂತ ಜಾಗದ ಹಾಗೆ ಅಂಚು ಕಟ್ಟುತ್ತದೆ. ಹಳೆಯ ಕಾಗದದಂತೆ ಕಾಣಲಿ ಎನ್ನುವುದು ಇದರ ಮಾಮೂಲಿ ಉದ್ದೇಶ. ಶಾಜಿಯಾ ಅಷ್ಟಕ್ಕೇ ನಿಲ್ಲಿಸಲಿಲ್ಲ, ಚಹಾವನ್ನೇ ಒಂದು ಬಣ್ಣವಾಗಿ ತೆಗೆದುಕೊಂಡರು. ಅಮೆರಿಕಕ್ಕೆ ಹೋದ ಮೇಲೂ ಅವರ ಚಿತ್ರಗಳ ಸಾಮಗ್ರಿ ಪಟ್ಟಿಯಲ್ಲಿ ಚಹಾ ಉಳಿದುಕೊಂಡಿದೆ. ಬ್ರಿಟಿಷರು ತೋಟ ಹಾಕಿ, ಹಡಗಿಗೆ ಏರಿಸಿ, ಲೋಕವೆಲ್ಲ ಮಾರಿದ ಸರಕು ಅವರ ಕಾಗದದ ಬುಡದ ಪದರವಾಗಿದೆ. ನೋಡುವಾಗ ಇದು ನೆನಪಿರಲಿ.

ಬಣ್ಣ ಹಚ್ಚುವ ಬಗೆಗೆ ಮೂರು ಹೆಸರುಗಳಿವೆ. ‘ಸಿಯಾಹ್ ಕಲಮ್’ ಎಂದರೆ ಕಪ್ಪು ರೇಖೆ ಮತ್ತು ಕಪ್ಪಿನದೇ ನೆರಳು. ‘ನೀಮ್ ರಂಗ್’ ಎಂದರೆ ಅರೆಬಣ್ಣ, ಕೆಳಗಿನ ಕಾಗದ ಕಾಣುವಷ್ಟು ತೆಳುವು. ‘ಗದ್ ರಂಗ್’ ಎಂದರೆ ಸಫೇದ, ಅಂದರೆ ಬಿಳಿ ಬಣ್ಣದ ಪುಡಿ, ಬೆರೆಸಿದ ಮಂದ ಬಣ್ಣ, ಕೆಳಗಿನದನ್ನು ಮುಚ್ಚುವಂಥದ್ದು. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಸಫೇದವೂ ಗೋಂದೂ ದಿನನಿತ್ಯದ ಮಾತು. ಆದರೆ ಒಂದು ವ್ಯತ್ಯಾಸವಿದೆ. ಮೈಸೂರು ಚಿತ್ರದಲ್ಲಿ ಆಭರಣಕ್ಕೆ, ಕಂಬಕ್ಕೆ ಗೆಸ್ಸೊ ಉಬ್ಬು ಕೊಟ್ಟು ಚಿನ್ನದ ರೇಕು ಕೂರಿಸುತ್ತೀರಿ. ಅದು ಗೋಡೆಗೆ ತೂಗುವ ಚಿತ್ರ, ಉಬ್ಬು ಅದಕ್ಕೆ ಶೋಭೆ. ವಸ್ಲಿಯ ಚಿತ್ರ ಪುಸ್ತಕದೊಳಗೆ, ಆಲ್ಬಮಿನೊಳಗೆ ಇರುವಂಥದ್ದು. ಮಗುಚಿದಾಗ ಬಾಗುತ್ತದೆ. ಬಣ್ಣ ದಪ್ಪಗಾದರೆ ಬಿರುಕುಬಿಟ್ಟು ಉದುರುತ್ತದೆ.

ಗೋಂದಿನ ಹದಕ್ಕೆ ಅಳತೆಗಿಂತ ಪರೀಕ್ಷೆಯೇ ಮೇಲು. ತುಂಡು ವಸ್ಲಿಯ ಮೇಲೆ ಹಚ್ಚಿ, ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಪುಡಿ ಬಂದರೆ ಗೋಂದು ಸಾಲದು. ಬಣ್ಣ ಎಣ್ಣೆ ಹಚ್ಚಿದಂತೆ ಮಿಂಚಿದರೆ ಹೆಚ್ಚಾಗಿದೆ, ವರ್ಷದೊಳಗೆ ಸೀಳುತ್ತದೆ. ಬಣ್ಣ ಇಟ್ಟುಕೊಳ್ಳಲು ಕಪ್ಪೆಚಿಪ್ಪು ಬಳಸುವುದು ಬರೀ ಸಂಪ್ರದಾಯಕ್ಕಲ್ಲ. ಅದರ ಒಳಮೈ ನುಣುಪು, ಬಣ್ಣ ಹೀರುವುದಿಲ್ಲ, ಕುಂಚದ ತುದಿ ತಿಕ್ಕಲು ಇಳಿಜಾರು ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಲ ತಿನ್ನುವುದು ‘ಪರ್ದಾಖ್ತ್’. ಅಳಿಲಿನ ಬಾಲದ ಕೂದಲನ್ನು ಹಕ್ಕಿಗರಿಯ ಕೊಳವೆಗೆ ಕಟ್ಟಿದ ಕುಂಚದಿಂದ, ಒಂದೆರಡು ಮಿಲಿಮೀಟರಿನ ಗೆರೆಗಳನ್ನು ಸಾಲಾಗಿ ಎಳೆದು ನೆರಳು ಕಟ್ಟುವ ಕೆಲಸ. ಕುಂಚದಲ್ಲಿ ನೀರು ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಇರಬೇಕು. ಅದಕ್ಕೆ ಎಡಗೈಯ ಹಿಂಬದಿಗೆ ಒಮ್ಮೆ ತಾಗಿಸಿ ಆಮೇಲೆ ಚಿತ್ರಕ್ಕೆ ತರುತ್ತಾರೆ. ನೀರು ಹೆಚ್ಚಿದ್ದರೆ ಗೆರೆ ಹೋಗಿ ಚುಕ್ಕೆಯಾಗುತ್ತದೆ, ಚುಕ್ಕೆಯ ಸುತ್ತ ಕಲೆ ಕಟ್ಟುತ್ತದೆ. ಒಣಗುವ ಮೊದಲೇ ಅದೇ ಜಾಗಕ್ಕೆ ಮರಳಿದರೆ ಕೆಳಗಿನ ಬಣ್ಣ ಕಿತ್ತು ಬರುತ್ತದೆ. ಅದಕ್ಕೇ ಕಲಾವಿದರು ಕೆನ್ನೆಯ ಮೇಲೆ ಸ್ವಲ್ಪ, ಅದು ಒಣಗುವಷ್ಟರಲ್ಲಿ ತೋಳಿನ ಮೇಲೆ ಸ್ವಲ್ಪ, ಹೀಗೆ ಜಾಗ ಬದಲಿಸುತ್ತ ಹೋಗುತ್ತಾರೆ. ಹೆಬ್ಬೆರಳಿನ ಉಗುರಿನಷ್ಟು ಜಾಗ ಒಂದು ಬೆಳಗನ್ನೇ ತಿಂದುಬಿಡುತ್ತದೆ.

ಈಗ ಲಾಹೋರಿಗೆ ಬರೋಣ. ಶಾಜಿಯಾ ಕಾಲೇಜು ಸೇರಿದ ಎಂಬತ್ತರ ದಶಕದ ಕೊನೆಯಲ್ಲಿ ಮಿನಿಯೇಚರ್, ಅಂದರೆ ಪುಸ್ತಕ, ಆಲ್ಬಮಿನೊಳಗಿನ ಈ ಸಣ್ಣ ಅಳತೆಯ ಚಿತ್ರ ಕಲಿಸುವ ವಿಭಾಗಕ್ಕೆ ದೊಡ್ಡ ಗೌರವವೇನೂ ಇರಲಿಲ್ಲ. ಅದು ಪ್ರವಾಸಿಗಳಿಗೆ ಮಾರುವ ಸರಕು, ನಕಲು ಕೆಲಸ, ಆಧುನಿಕ ಕಲಾವಿದರಿಗೆ ತಕ್ಕದ್ದಲ್ಲ ಎನ್ನುವ ಅಭಿಪ್ರಾಯವಿತ್ತು. ಬಶೀರ್ ಅಹ್ಮದ್ ಅವರು ಪಟ್ಟು ಹಿಡಿದು ಕಲಿಸುತ್ತಿದ್ದರು. ಆ ಶಿಸ್ತಿನ ಕೆಳಗೆ ಕೂತು ಕಲಿತ ಕೆಲವೇ ಹುಡುಗಿಯರಲ್ಲಿ ಈಕೆ ಒಬ್ಬರು. ಅದೇ ಕಾಲೇಜಿನಲ್ಲಿ ಜಹೂರ್ ಉಲ್ ಅಖ್ಲಾಕ್ ಎನ್ನುವ ಇನ್ನೊಬ್ಬ ಅಧ್ಯಾಪಕರು ಮಿನಿಯೇಚರಿನ ಅಂಚು, ಚೌಕಟ್ಟುಗಳನ್ನು ಆಧುನಿಕ ಚಿತ್ರಕಲೆಯ ಕಣ್ಣಿನಿಂದ ನೋಡುತ್ತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಲಸೆಗಾರ್ತಿ ಕಲಾವಿದೆ ಎಂದಕೂಡಲೇ ಊರಿನಿಂದ ಗಂಟು ಕಟ್ಟಿಕೊಂಡು ಹೋದ ಪರಂಪರೆಯ ಚಿತ್ರ ನಮ್ಮ ಕಣ್ಮುಂದೆ ಬರುತ್ತದೆ. ಮಿನಿಯೇಚರ್ ಹಾಗೆ ಊರಲ್ಲಿ ಕೂತಿರಲಿಲ್ಲ. ಶಾಹಜಹಾನನ ಆಳ್ವಿಕೆಯ ಸಚಿತ್ರ ಚರಿತ್ರೆ ‘ಪಾದಶಾಹನಾಮಾ’ ಇರುವುದು ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ಗ್ರಂಥಾಲಯದಲ್ಲಿ. 1947ರ ವಿಭಜನೆಯ ನಂತರ ಲಾಹೋರ್ ಮ್ಯೂಸಿಯಮ್ಮಿನ ಸಂಗ್ರಹವನ್ನೂ ಪಾಲು ಮಾಡಿದರು. ಶೇ. 60 ಲಾಹೋರಿಗೆ, ಶೇ. 40 ಭಾರತಕ್ಕೆ. ನಮ್ಮ ಪಾಲಿಗೆ ಬಂದದ್ದು ಈಗ ಚಂಡೀಗಢದಲ್ಲಿದೆ. ಅಂದರೆ ಲಾಹೋರಿನಲ್ಲಿ ಮೊಘಲ್ ಚಿತ್ರ ಕಲಿಯುವ ವಿದ್ಯಾರ್ಥಿ ಹೆಚ್ಚಾಗಿ ನೋಡುತ್ತಿದ್ದುದು ಪುಸ್ತಕದಲ್ಲಿ ಅಚ್ಚಾದ ಪ್ರತಿಗಳನ್ನು. ಕೈಯ ಪಾಠ ಲಾಹೋರಿನದು, ಕಣ್ಣಿನ ಪಾಠ ಹೊರದೇಶದ ಸಂಗ್ರಹಗಳದು. ಮನೆಬಿಟ್ಟು ಹೋದದ್ದು ಮೊದಲು ಚಿತ್ರಗಳು. ಹುಡುಗಿ ಹೋದದ್ದು ಆಮೇಲೆ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಇರಾನಿನ ಸಫಾವಿದ್ ವಂಶದ ದೊರೆ ಶಾಹ ತಹಮಾಸ್ಪನ ‘ಶಾಹನಾಮೆ’ ಎಂಬ ಹಸ್ತಪ್ರತಿಯಲ್ಲಿ 258 ಚಿತ್ರಗಳಿದ್ದವು. ಅಮೆರಿಕದ ಸಂಗ್ರಾಹಕ ಆರ್ಥರ್ ಹೌಟನ್ ಅದನ್ನು ಕೊಂಡು, ಬಿಚ್ಚಿ, ಪುಟಪುಟವಾಗಿ ಹಂಚಿದ, ಮಾರಿದ. ಉಳಿದ 118 ಚಿತ್ರಗಳನ್ನು 1994ರಲ್ಲಿ ಇರಾನ್ ಸರ್ಕಾರ ವಾಪಸ್ ಪಡೆಯಿತು. ಬದಲಿಗೆ ಕೊಟ್ಟದ್ದು ಅಮೆರಿಕದ ಆಧುನಿಕ ಕಲಾವಿದ ವಿಲ್ಲೆಮ್ ಡಿ ಕೂನಿಂಗ್ ಬರೆದ ಹೆಣ್ಣಿನ ಚಿತ್ರ, ‘ವುಮನ್ 3’. ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಈ ಅದಲುಬದಲು ನಡೆಯಿತು. ಶಾಜಿಯಾ ಆಗ ರೋಡ್ ಐಲೆಂಡಿನಲ್ಲಿ ಸಫಾವಿದ್ ಕಾಲದ ಪಾಠ ಕೈಯಲ್ಲಿಟ್ಟುಕೊಂಡು ಓದುತ್ತಿದ್ದರು. ಯಾವುದು ಪೂರ್ವ, ಯಾವುದು ಪಶ್ಚಿಮ ಎಂದು ಗೆರೆ ಎಳೆಯುವವರು ಈ ವಿಮಾನ ನಿಲ್ದಾಣದಲ್ಲಿ ನಿಂತು ಎಳೆಯಬೇಕು.

ಮತ್ತೆ ‘ಸುರುಳಿ’ಗೆ ಬರೋಣ. ಎಡದಿಂದ ಬಲಕ್ಕೆ ನೋಡುತ್ತ ಹೋಗಿ. ಇದು ಒಂದು ಮನೆ. ಅಂಗಳ, ಮೆಟ್ಟಿಲು, ಕೋಣೆ, ಊಟ, ಜನ. ಗೋಡೆಗಳನ್ನು ಸೀಳಿ ತೆರೆದಿಟ್ಟ ಹಾಗಿದೆ. ನೆಲವನ್ನು ಮೇಲಿನಿಂದ ಕಾಣುತ್ತೇವೆ, ಬಾಗಿಲನ್ನು ಎದುರಿನಿಂದ, ಇನ್ನೊಂದು ಗೋಡೆಯನ್ನು ಓರೆಯಿಂದ. ಇದು ಪರ್ಷಿಯನ್ ಚಿತ್ರದ ರೀತಿ, ಒಂದೇ ಹಾಳೆಯಲ್ಲಿ ಹಲವು ಕಡೆಯಿಂದ ನೋಡುವುದು. ಆದರೆ ಒಳಗಿರುವುದು ದರ್ಬಾರಲ್ಲ, ಲಾಹೋರಿನ ಮಧ್ಯಮವರ್ಗದ ಮನೆ. ರಾಜನ ಬೇಟೆಗೆ, ಪಟ್ಟಾಭಿಷೇಕಕ್ಕೆ ಮೀಸಲಾಗಿದ್ದ ಭಾಷೆಯಲ್ಲಿ ಒಂದು ಮನೆಯ ಸಾಮಾನ್ಯ ದಿನವನ್ನು ಬರೆದದ್ದು ಇಪ್ಪತ್ತರ ಹುಡುಗಿಯ ಧೈರ್ಯ.

ಪ್ರತಿ ದೃಶ್ಯದಲ್ಲೂ ಒಬ್ಬಳು ಹುಡುಗಿ ಇದ್ದಾಳೆ, ಬಿಳಿ ಬಟ್ಟೆಯವಳು. ಅವಳ ಮುಖ ನಮಗೆ ಸಿಗುವುದಿಲ್ಲ. ಬೆನ್ನು ಕಾಣುತ್ತದೆ, ಇಲ್ಲವೆ ಬಾಗಿಲಿನಾಚೆ ಹೋಗುತ್ತಿರುವ ಮೈ. ಉಳಿದವರು ಗದ್ ರಂಗ್‌ನಲ್ಲಿ ಗಟ್ಟಿಯಾಗಿದ್ದಾರೆ. ಇವಳು ಮಾತ್ರ ಅರೆಪಾರದರ್ಶಕ, ನೆರಳಿನಂತೆ ಹಾದುಹೋಗುತ್ತಾಳೆ. ತಾಂತ್ರಿಕವಾಗಿ ಇದು ಸುಲಭವಲ್ಲ. ಬಿಳಿ ಎಂದರೆ ಸಫೇದ, ಸಫೇದದ ಗುಣವೇ ಮುಚ್ಚುವುದು. ಅದನ್ನು ತೆಳುವು ಮಾಡಿದರೆ ಹಾಲು ಒಡೆದಂತೆ ಕಾಗದದ ಮೇಲೆ ಅಲ್ಲಲ್ಲಿ ಗುಂಪು ಕಟ್ಟುತ್ತದೆ. ಒಂದು ಸಮನಾಗಿ ಹರಡಲು ಗೋಂದು ಕಡಿಮೆಯಿಟ್ಟು, ಬಹಳ ತೆಳುವಾಗಿ, ಗೆರೆಗೆರೆಯಾಗಿ ಕಟ್ಟಬೇಕು. ಸುರುಳಿಯ ಕೊನೆಯಲ್ಲಿ ಅವಳು ನಿಂತು ಚಿತ್ರ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ತನ್ನದೇ ಚಿತ್ರ. ಊರು ಬಿಡುವುದಕ್ಕೆ ಮೂರು ವರ್ಷ ಮೊದಲು ಬರೆದದ್ದು ಇದು, ನೋಡಿ. ಮನೆಯಲ್ಲಿದ್ದೂ ಮನೆಯಲ್ಲಿಲ್ಲದವಳು ವಿಮಾನ ಹತ್ತುವ ಮೊದಲೇ ಚಿತ್ರದಲ್ಲಿದ್ದಾಳೆ. ವಲಸೆಯಿಂದ ಅವಳು ಹುಟ್ಟಿದಳು ಎಂದು ಬರೆಯುವುದು ತಪ್ಪು.

ಅಮೆರಿಕದಲ್ಲಿ ಮೊದಲು ಆದದ್ದು ಕೈ ಸಡಿಲವಾದದ್ದು. ರೋಡ್ ಐಲೆಂಡಿನ ಕಾಲದಲ್ಲಿ ಮಸಿ, ಗುವಾಷ್ ಎಂಬ ಮಂದ ಜಲವರ್ಣ ಹಿಡಿದು ದೊಡ್ಡ ಹಾಳೆಯ ಮೇಲೆ ಬೇಗಬೇಗ ಬರೆದ ಚಿತ್ರಗಳು ಬಂದವು. ಪರ್ದಾಖ್ತಿಗೆ ಪೂರ್ತಿ ವಿರುದ್ಧ ಅಭ್ಯಾಸ: ಒದ್ದೆ ಕುಂಚ, ಹರಿದ ಮಸಿ, ತಿದ್ದಲು ಅವಕಾಶವಿಲ್ಲ. 1993ರ ‘ಎ ಸ್ಲೈಟ್ ಅಂಡ್ ಪ್ಲೀಸಿಂಗ್ ಡಿಸ್‌ಲೊಕೇಶನ್’ ಎಂಬ ಚಿತ್ರದಲ್ಲಿ ಒಂದು ಹೆಣ್ಣಿನ ರೂಪ ಬಂತು, ಮುಂದೆ ಅದು ಅವರನ್ನು ಬಿಡಲೇ ಇಲ್ಲ. ತಲೆಯಿಲ್ಲ. ಪಾದದ ಜಾಗದಲ್ಲಿ ಬೇರು. ಆ ಬೇರುಗಳು ನೆಲಕ್ಕಿಳಿಯುವುದಿಲ್ಲ, ತಮ್ಮತಮ್ಮೊಳಗೇ ಸುತ್ತಿಕೊಂಡಿವೆ. ಬೇರು ಕಿತ್ತವಳು ಎಂದು ಮರುಗುವ ಚಿತ್ರ ಇದಲ್ಲ. ಬೇರನ್ನು ಜೊತೆಗೇ ಎತ್ತಿಕೊಂಡು ತೇಲುವವಳು. ಆಲದ ಬಿಳಲು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಬದುಕಿರುತ್ತದಲ್ಲ, ಆ ತರಹ.

ಹ್ಯೂಸ್ಟನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ, ಟ್ರೇಸಿಂಗ್ ಪೇಪರಿನ ಹಾಳೆಗಳ ಮೇಲೆ ಬರೆದು ಒಂದರ ಹಿಂದೊಂದು ತೂಗುಹಾಕಿದರು. ವಸ್ಲಿಯಲ್ಲಿ ಅಂಟಿನಿಂದ ಕೂಡಿಕೊಂಡಿದ್ದ ಪದರಗಳು ಇಲ್ಲಿ ಬಿಡಿಬಿಡಿಯಾಗಿ ಗಾಳಿಗೆ ಅಲುಗುತ್ತವೆ. ಎದುರಿನ ಹಾಳೆಯ ಆಕೃತಿಯ ಮೂಲಕ ಹಿಂದಿನ ಹಾಳೆಯ ಆಕೃತಿ ಮಸುಕಾಗಿ ಕಾಣುತ್ತದೆ, ನೀವು ಒಂದು ಹೆಜ್ಜೆ ಸರಿದರೆ ಬೇರೆ ಜೋಡಿ ಆಗುತ್ತದೆ. ಇದನ್ನು ಪ್ರಯತ್ನಿಸುವ ವಿದ್ಯಾರ್ಥಿಗಳಿಗೆ ಎಚ್ಚರಿಕೆ: ಟ್ರೇಸಿಂಗ್ ಪೇಪರ್ ನೀರು ತಾಗಿದರೆ ಸುಕ್ಕಾಗುತ್ತದೆ, ಆ ಸುಕ್ಕು ಪೂರ್ತಿ ಹೋಗುವುದಿಲ್ಲ. ನೀರು ಕಡಿಮೆ ಮಾಡಿ, ಇಲ್ಲವೆ ಸುಕ್ಕನ್ನು ಚಿತ್ರದ ಭಾಗವೆಂದೇ ಒಪ್ಪಿಕೊಳ್ಳಿ.

ವಸ್ಲಿಯನ್ನು ಅವರು ಬಿಡಲಿಲ್ಲ. ಹೊಸ ಸಡಿಲತೆಯನ್ನು ಹಳೆಯ ಶಿಸ್ತಿನ ಮೇಲೆ ತಂದು ಕೂರಿಸಿದರು. ತೊಂಬತ್ತರ ದಶಕದ ಚಿತ್ರಗಳಲ್ಲಿ ಇದನ್ನು ಕಾಣಬಹುದು. ಕೆಳಗೆ ತಿಂಗಳುಗಟ್ಟಲೆ ಕೂತು ಮುಗಿಸಿದ, ಅಂಚು ಕಟ್ಟಿದ ಮಿನಿಯೇಚರ್. ಅದರ ಮೇಲೆ ಒಂದು ಆಕೃತಿಯನ್ನೋ ಬಣ್ಣದ ವೃತ್ತವನ್ನೋ ಬಿಡುಗೈಯಿಂದ ಹಾಕಿಬಿಟ್ಟಿರುತ್ತಾರೆ. ಇದರ ಅಪಾಯ ಬರೆಯುವವರಿಗೆ ಗೊತ್ತು. ಒಣಗಿದ ಗೋಂದು ಬಣ್ಣ ನೀರು ತಾಗಿದರೆ ಮತ್ತೆ ಕರಗುತ್ತದೆ. ಮೇಲಿನ ಕುಂಚ ಎರಡನೇ ಸಲ ಅದೇ ಜಾಗದಲ್ಲಿ ಓಡಿದರೆ ಕೆಳಗಿನ ಮೂರು ತಿಂಗಳು ಕೆಸರಾಗುತ್ತದೆ. ಒಂದೇ ಸಲ, ಒಂದೇ ಬೀಸು, ಕೈ ಎತ್ತಬೇಕು. ಲಾಹೋರಿನ ತಾಳ್ಮೆಯೂ ರೋಡ್ ಐಲೆಂಡಿನ ವೇಗವೂ ಒಂದೇ ಕಾಗದದ ಮೇಲೆ ಒಂದನ್ನೊಂದು ಕೆಡಿಸದೆ ಇರಬೇಕಾದರೆ ಎರಡೂ ಕೈ ಪಳಗಿರಬೇಕು. ದ್ವಿಸಂಸ್ಕೃತಿ ಎಂಬ ಭಾರವಾದ ಪದದ ಅರ್ಥ ನನಗೆ ಕಾಣುವುದು ಈ ಜಾಗದಲ್ಲಿ.

ಮಿನಿಯೇಚರಿನ ಅಂಚು ಅಂದೆ. ಅದಕ್ಕೆ ‘ಹಾಷಿಯಾ’ ಎಂದು ಹೆಸರು. ಹೂಬಳ್ಳಿ, ಚಿನ್ನದ ಗೆರೆಗಳಿಂದ ಚಿತ್ರವನ್ನು ಸುತ್ತುವ ಪಟ್ಟಿ. ಒಳಗಿನವರು ಒಳಗೇ ಇರಬೇಕು ಎನ್ನುವ ನಿಯಮ. ಹಳೆಯ ಚಿತ್ರಕಾರರೂ ಆಗಾಗ ಒಂದು ಕುದುರೆಯ ಬಾಲವನ್ನೋ ಬಾವುಟದ ತುದಿಯನ್ನೋ ಅಂಚಿನಾಚೆ ದಾಟಿಸುತ್ತಿದ್ದರು. ಶಾಜಿಯಾ ಆ ಸಣ್ಣ ಸಲಿಗೆಯನ್ನು ಬೆಳೆಸಿದರು. ಅವರಲ್ಲಿ ಬಳ್ಳಿ ಒಳಗೆ ನುಗ್ಗುತ್ತದೆ, ಆಕೃತಿ ಹೊರಗೆ ನಿಲ್ಲುತ್ತದೆ.

2001ರ ‘ಪ್ಲೆಷರ್ ಪಿಲ್ಲರ್ಸ್’ ನೋಡಿ. ನಡುವೆ ಒಬ್ಬ ಹೆಣ್ಣು, ಟಗರಿನ ಸುರುಳಿ ಕೊಂಬಿನವಳು. ಅವಳ ಕೆಳಗೆ ಎರಡು ತಲೆಯಿಲ್ಲದ ಮೈಗಳು: ಒಂದು ಯುರೋಪಿನ ವೀನಸ್, ಇನ್ನೊಂದು ಭಾರತದ ದೇವಾಲಯದ ಶಿಲ್ಪಸುಂದರಿ. ಮೇಲೆ ಯುದ್ಧವಿಮಾನ. ಮೊದಲು ಹೇಳಿದ ‘ಪೂರ್ವ ಒಂದು, ಪಶ್ಚಿಮ ಒಂದು’ ಎನ್ನುವ ಲೆಕ್ಕಕ್ಕೆ ಈ ಚಿತ್ರ ಸಲೀಸಾಗಿ ಸಿಗುವ ಹಾಗಿದೆ. ಆದರೆ ಎರಡೂ ಶಿಲ್ಪಗಳಿಗೆ ತಲೆ ಇಲ್ಲದಿರುವುದು ಒಂದೇ ಕಾರಣಕ್ಕೆ. ಒಡೆದು, ಕಿತ್ತು, ಸಂಗ್ರಹಾಲಯದ ಕಟ್ಟೆಯ ಮೇಲೆ ಇಟ್ಟ ಮೈಗಳು ಅವು. ಇಬ್ಬರೂ ಊರು ಬಿಟ್ಟವರೇ.

ಇನ್ನು ಗೋಪಿಯರು. 2001ರ ‘ಗೋಪಿ ಕ್ರೈಸಿಸ್’, 2003ರ ‘ಸ್ಪಿನ್’ ಎಂಬ ಅನಿಮೇಶನ್. ಪಾಕಿಸ್ತಾನದಲ್ಲಿ ಬೆಳೆದ ಮುಸ್ಲಿಂ ಹೆಣ್ಣುಮಗಳು ಭಾಗವತದ ಗೋಪಿಯರನ್ನು ತಂದು ಮೊಘಲ್ ದರ್ಬಾರಿನ ಸಭಾಂಗಣದಲ್ಲಿ ನಿಲ್ಲಿಸಿದ್ದಾರೆ, ಕೃಷ್ಣನನ್ನು ಕರೆತಂದಿಲ್ಲ. ಚಂಡೀಗಢಕ್ಕೂ ಲಾಹೋರಿಗೂ ಪಾಲಾದ ಸಂಗ್ರಹ ಇಲ್ಲಿ ಒಂದೇ ಕೋಣೆಗೆ ಬಂತು ಅನ್ನಿ. ಅನಿಮೇಶನ್ನಿನಲ್ಲಿ ಗೋಪಿಯರ ಮೈ ಕರಗಿ ಹೋಗುತ್ತದೆ, ತಲೆಗೂದಲು ಮಾತ್ರ ಉಳಿಯುತ್ತದೆ. ಆ ಕೂದಲಿನ ಗಂಟನ್ನು ಹತ್ತಿರದಿಂದ ನೋಡಿ: ಪಹಾಡಿ, ರಾಜಸ್ಥಾನಿ ಚಿತ್ರಗಳಲ್ಲಿ ಹೆಣ್ಣನ್ನು ಪಕ್ಕದಿಂದ ಬರೆಯುತ್ತಾರೆ, ಕಿವಿಯ ಹಿಂದೆ ಎತ್ತಿ ಕಟ್ಟಿದ ಕಪ್ಪು ಮುಡಿ. ಮುಖ, ಕುತ್ತಿಗೆ ತೆಗೆದುಬಿಟ್ಟರೆ ಉಳಿಯುವ ಆಕಾರಕ್ಕೆ ಎರಡು ರೆಕ್ಕೆ ಇದ್ದ ಹಾಗಿರುತ್ತದೆ. ನೂರಾರು ಮುಡಿಗಳು ಕಪ್ಪು ಹಕ್ಕಿಗಳ ಹಿಂಡಾಗಿ ದರ್ಬಾರನ್ನೆಲ್ಲ ತುಂಬುತ್ತವೆ.

ಇದರ ಕೆಲಸದ ಬಗೆ ಕೇಳುವ ವಿದ್ಯಾರ್ಥಿಗಳು ಇರುತ್ತಾರೆ. ಮೂಲ ಕೈಯಿಂದ ಬರೆದ ಚಿತ್ರವೇ. ಅದನ್ನು ಸ್ಕ್ಯಾನ್ ಮಾಡಿ, ಪ್ರತಿ ಅಂಶವನ್ನೂ ಬೇರೆ ಬೇರೆ ಲೇಯರಿಗೆ ಬಿಡಿಸಿ, ಚಲನೆ ಕೊಡುತ್ತಾರೆ. ಹೀಗೆ ಮಾಡುವಾಗ ಬರುವ ತೊಂದರೆ ಎಂದರೆ, ಒಂದು ಆಕೃತಿಯನ್ನು ಎತ್ತಿದರೆ ಅದರ ಹಿಂದೆ ಖಾಲಿ ಉಳಿಯುತ್ತದೆ. ಕಾಗದದ ಮೇಲೆ ಗೋಪಿಯ ಹಿಂದಿನ ಕಂಬವನ್ನು ಯಾರೂ ಬರೆದಿರುವುದಿಲ್ಲ. ಅದಕ್ಕೆ ಹಿನ್ನೆಲೆಯನ್ನು ಪೂರ್ತಿಯಾಗಿ ಒಂದು ಹಾಳೆಯಲ್ಲಿ, ಆಕೃತಿಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ವಸ್ಲಿಯ ಪದರ ಅಭ್ಯಾಸ ಇರುವವರಿಗೆ ಈ ಯೋಚನೆ ಕಷ್ಟವಲ್ಲ.

ಈಗ ನಮ್ಮ ನೆಲಕ್ಕೆ ನೇರವಾಗಿ ತಾಗುವ ಕೃತಿ. 1657ರ ಸುಮಾರಿಗೆ ವಿಜಯಪುರದಲ್ಲಿ, ಎರಡನೇ ಅಲಿ ಆದಿಲ್‌ಶಾಹನ ಆಸ್ಥಾನದಲ್ಲಿ, ನುಸ್ರತಿ ಎಂಬ ಕವಿ ದಖ್ಖನಿಯಲ್ಲಿ ‘ಗುಲ್ಶನ್-ಇ-ಇಷ್ಕ್’ ಬರೆದ. ಪ್ರೇಮದ ಹೂದೋಟ. ಕಥೆ ಮನೋಹರ ಮತ್ತು ಮಧುಮಾಲತಿಯರದು, ಉತ್ತರದ ಸೂಫಿ ಪ್ರೇಮಕಾವ್ಯದಿಂದ ಬಂದದ್ದು. ಆ ಕಾವ್ಯದ ಒಂದು ಸಚಿತ್ರ ಹಸ್ತಪ್ರತಿ, 1743ರಲ್ಲಿ ದಖ್ಖನಿನಲ್ಲಿ ತಯಾರಾದದ್ದು, ಈಗ ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ. 2016ರಲ್ಲಿ ಆ ಸಂಗ್ರಹಾಲಯ ಶಾಜಿಯಾ ಅವರಿಗೆ ಈ ಹಸ್ತಪ್ರತಿಯನ್ನಿಟ್ಟುಕೊಂಡು ಒಂದು ಕೃತಿ ಮಾಡಿಕೊಡಲು ಕೇಳಿತು. ‘ಡಿಸ್ರಪ್ಷನ್ ಆಸ್ ರ್‍ಯಾಪ್ಚರ್’ ಎಂಬ ಹತ್ತು ನಿಮಿಷದ ಅನಿಮೇಶನ್ ಬಂತು. ಸಂಗೀತ ಚೀನಾದಿಂದ ಅಮೆರಿಕಕ್ಕೆ ಬಂದ ಡು ಯುನ್ ಅವರದು, ಹಾಡಿದವರು ಲಾಹೋರಿನ ಅಲಿ ಸೇಠಿ. ಕಲಬುರಗಿ, ವಿಜಯಪುರದ ಮನೆಗಳಲ್ಲಿ ಇವತ್ತಿಗೂ ಆಡುವ ದಖ್ಖನಿಯ ಪುಸ್ತಕವೊಂದು ಫಿಲಡೆಲ್ಫಿಯಾದ ಗೋಡೆಯ ಮೇಲೆ ಪುಟ ಬಿಟ್ಟು ಎದ್ದು ಓಡಾಡುತ್ತದೆ. ಈ ಕಥೆಯಲ್ಲಿ ಮಧುಮಾಲತಿಯನ್ನು ಅವಳ ತಾಯಿಯೇ ಹಕ್ಕಿಯಾಗಿಸಿಬಿಡುತ್ತಾಳೆ. ಗೋಪಿಯರ ಮುಡಿಯನ್ನು ಹಕ್ಕಿಯಾಗಿಸಿದ ಕಲಾವಿದೆಯ ಕೈಗೇ ಈ ಪುಸ್ತಕ ಬಂದದ್ದು ಚಂದ.

ವಿಜಯಪುರದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ‘ಕಿತಾಬ್-ಇ-ನೌರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಅವನ ಆಸ್ಥಾನದಲ್ಲಿ ಫರ್ರುಖ್ ಹುಸೇನ್ ಎಂಬ ಚಿತ್ರಕಾರನಿದ್ದ. ಅವನೂ, ಇರಾನಿನ ಕಡೆಯಿಂದ ಕಾಬೂಲಿಗೆ, ಅಲ್ಲಿಂದ ಅಕ್ಬರನ ಆಸ್ಥಾನಕ್ಕೆ ಬಂದ ಫರ್ರುಖ್ ಬೇಗನೂ ಒಬ್ಬನೇ ಎಂದು ಕಲಾ ಇತಿಹಾಸಕಾರರಲ್ಲಿ ಹಲವರು ಗುರುತಿಸುತ್ತಾರೆ. ಅಕ್ಬರನ ಆಸ್ಥಾನ ಆಗ ಲಾಹೋರಿನಲ್ಲಿತ್ತು. ಹಾಗಾದರೆ ಲಾಹೋರ್ ಬಿಟ್ಟು ಬೇರೆ ನೆಲಕ್ಕೆ ಹೋಗಿ, ಅಲ್ಲಿನ ಬಣ್ಣವನ್ನು ತನ್ನ ಗೆರೆಯ ಮೇಲೆ ಹಚ್ಚಿದ ಚಿತ್ರಕಾರ ನಾಲ್ಕು ಶತಮಾನದ ಹಿಂದೆ ನಮ್ಮಲ್ಲಿಗೇ ಬಂದಿದ್ದ.

ಶಿಲ್ಪಗಳ ವಿಷಯ ಬೇಗ ಮುಗಿಸುತ್ತೇನೆ, ಅವರ ನಿಜವಾದ ಶಕ್ತಿ ಕಾಗದದಲ್ಲಿದೆ ಎಂದೇ ನನ್ನ ಅಭಿಪ್ರಾಯ. 2023ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯದ ಚಾವಣಿಯ ಮೇಲೆ, ಶಾಸನಕರ್ತ ಪುರುಷರ ಹಳೆಯ ಪ್ರತಿಮೆಗಳ ಸಾಲಿನಲ್ಲಿ, ಕಮಲದಿಂದೇಳುವ ಎಂಟಡಿಯ ಹೆಣ್ಣೊಬ್ಬಳನ್ನು ನಿಲ್ಲಿಸಿದರು. ಕೊಂಬಿನಂತೆ ಸುತ್ತಿದ ಜಡೆ, ಕೊರಳಿಗೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ರುತ್ ಬೇಡರ್ ಗಿನ್ಸ್‌ಬರ್ಗ್ ಅವರನ್ನು ನೆನಪಿಸುವ ಲೇಸಿನ ಪಟ್ಟಿ, ತೋಳಿನ ಕೊನೆಯಲ್ಲಿ ಬೇರು. 1993ರ ಮಸಿಯ ಬೇರೇ ಇದು. ಅದರ ಜೊತೆಯ ಹದಿನೆಂಟು ಅಡಿಯ ಶಿಲ್ಪ ‘ವಿಟ್ನೆಸ್’ ಹ್ಯೂಸ್ಟನ್‌ಗೆ ಹೋಯಿತು. ಅಲ್ಲಿ ಗರ್ಭಪಾತ ವಿರೋಧಿಗಳ ಪ್ರತಿಭಟನೆ ನಡೆಯಿತು. 2024ರ ಜುಲೈ 8ರಂದು, ಚಂಡಮಾರುತ ಬೀಸುತ್ತಿದ್ದ ಹೊತ್ತಿನಲ್ಲಿ, ಯಾರೋ ಶಿಲ್ಪದ ತಲೆ ಕಡಿದರು. ದುರಸ್ತಿ ಬೇಡ, ಹಾಗೆಯೇ ಇರಲಿ ಎಂದರು ಶಾಜಿಯಾ. ಮೂವತ್ತು ವರ್ಷ ತಲೆಯಿಲ್ಲದ ಹೆಣ್ಣನ್ನು ತಾವಾಗಿ ಬರೆದವರಿಗೆ, ಬೇರೆಯವರು ಬಂದು ತಲೆ ತೆಗೆದದ್ದು ಎಷ್ಟು ನೋಯಿಸಿರಬೇಕು.

ಕೊನೆಗೆ, ಮುಂದೆ ಎಲ್ಲಾದರೂ ಈ ಚಿತ್ರಗಳ ಅಸಲು ಪ್ರತಿ ನೋಡಲು ಸಿಕ್ಕರೆ ಹೇಗೆ ನೋಡಬೇಕು ಎನ್ನುವುದು. ಕೋಣೆ ಮಬ್ಬಾಗಿರುತ್ತದೆ. ಕಾಗದದ ಮೇಲಿನ ಕೃತಿಗಳಿಗೆ ಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ, ಗಿಡಮೂಲದ ಬಣ್ಣಗಳು ಬೆಳಕಿಗೆ ಬಿಳಿಚಿಕೊಳ್ಳುತ್ತವೆ. ಐದು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಫೋನ್ ತೆಗೆಯಬೇಡಿ, ಅದರ ಬೆಳಕಿಗೆ ಹೊಂದಿಕೊಂಡ ಕಣ್ಣು ಮತ್ತೆ ಮಂಜಾಗುತ್ತದೆ. ಮೊದಲು ಚಿತ್ರದ ನಡುವನ್ನು ನೋಡಬೇಡಿ. ಮೂಲೆಗೆ ಹೋಗಿ, ಬಣ್ಣ ಹಚ್ಚದೆ ಬಿಟ್ಟ ಜಾಗ ಹುಡುಕಿ. ಅಲ್ಲಿ ಚಹಾ ಇರುತ್ತದೆ. ಅಲ್ಲಿಂದ ಅಂಚಿನ ಗೆರೆ ಹಿಡಿದು ಒಳಗೆ ಬನ್ನಿ. ‘ಸುರುಳಿ’ಯೇ ಎದುರಿಗಿದ್ದರೆ, ಗಾಜಿಗೆ ಮೂಗು ತಾಗದಷ್ಟು ಬಾಗಿ, ಆ ಹುಡುಗಿಯ ಬಿಳಿ ಬಟ್ಟೆಯ ಮಡಿಕೆಯೊಳಗೆ ಹಿಂದಿನ ಬಾಗಿಲಿನ ಗೆರೆ ಎಷ್ಟು ದೂರ ಕಾಣುತ್ತಾ ಹೋಗುತ್ತದೆ, ನೋಡಿ.